ತೋಳದ ಗುದ್ದಿಗೆ ನಾನಿಟ್ಟ ಕಲ್ಲು

ನಾನು ನಾಲ್ಕನೇ ಇಯತ್ತೆ ತನಕ ಓದಿದವಳು. ಬರೆಯಲು ಹೊತ್ತು ಹಿಡಿಯುತ್ತದೆ. ಆದರೂ ಈ ಮಾತನ್ನು ಬೇರೆಯವರ ಕೈಯಲ್ಲಿ ಬರೆಸುವ ಮನಸ್ಸಿಲ್ಲ.

ನನ್ನ ತವರು ಸಂತಪುರದ ಆಚೆ ಒಂದು ಸಣ್ಣ ಊರು. ಅಣ್ಣ ಕುರಿ ಮೇಯಿಸಲು ಹೋಗುತ್ತಿದ್ದ. ಕುರಿ ಕೂಡುವ ದಡ್ಡಿಯಲ್ಲಿ ಉಳಿದ ಎಳೆಮರಿಗಳು ನನ್ನ ಪಾಲಿಗೆ. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇತ್ತು. ತೋಳ ಕುರಿಮರಿ ಹೊತ್ತೊಯ್ದರೆ ಅದನ್ನು ಬೈಯಬಾರದು. "ಅದರ ಪಾಲು ಅದು ಒಯ್ದದ" ಎಂದು ಸುಮ್ಮನಾಗಬೇಕು. ತೋಳ ಮುಟ್ಟದ ಮಂದೆ ಬೆಳೆಯುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ.

ಆ ವರ್ಷ ಊರ ದನಕರು ಮೇಯುವ ಗಾಯರಾಣದ ಹಳ್ಳದ ದಂಡೆಯಲ್ಲಿ ತೋಳವೊಂದು ಮರಿ ಹಾಕಿತ್ತು. ಅಣ್ಣ ನನ್ನೊಬ್ಬಳನ್ನೇ ಕರೆದುಕೊಂಡು ಹೋಗಿ ಅದು ಮರಿ ಇಟ್ಟ ಬಿಲ, ಆ ಗುದ್ದು, ದೂರದಿಂದ ತೋರಿಸಿದ. ಮೂರು ಮರಿಗಳು ಒಂದರ ಬಾಲ ಒಂದು ಕಚ್ಚುತ್ತ ಆಡುತ್ತಿದ್ದವು. "ಯಾರ ಮುಂದೂ ಅನ್ನಬ್ಯಾಡ, ತಂಗಿ" ಎಂದ. ಬೀದರಿನ ಅರಣ್ಯ ಇಲಾಖೆಯವರಿಗೆ ಮಾತ್ರ ಫೋನು ಮಾಡಿದ್ದ. ತೋಳಗಳು ಕಡಿಮೆಯಾಗುತ್ತಿವೆ, ಕಂಡರೆ ತಿಳಿಸು ಎಂದು ಅವರೇ ಕೇಳಿಕೊಂಡಿದ್ದರು. ಬಂದಾಗಲೆಲ್ಲ ತೋಳಗಳನ್ನು ಅವನ ಸಾಲಿ ಹುಡುಗರು ಮಾಡಿ ಚೇಷ್ಟೆ ಮಾಡುತ್ತಿದ್ದರು: "ಏನ್ರಿ ಮಾಸ್ತರ, ನಿಮ್ಮ ಸಾಲಿ ಹುಡುಗ್ರು ಹ್ಯಾಂಗ ಅದಾರ?" ಸಾಲಿ ಮೆಟ್ಟಿಲು ಹತ್ತದ ಅಣ್ಣ ಅದಕ್ಕೆ ದಿನವಿಡೀ ನಗುತ್ತಿದ್ದ.

ತಾಯಿ ಸತ್ತ ಒಂದು ಕುರಿಮರಿಗೆ ನಾನು ಆಡಿನ ಹಾಲು ಕುಡಿಸಿ ಸಾಕಿದ್ದೆ. ಒಂದು ಮಧ್ಯಾಹ್ನ ದಡ್ಡಿಯ ಮುಳ್ಳಿನ ಬಾಗಿಲು ಎಳೆಯದೆ ನೀರಿಗೆ ಹೋದೆ. ಬರುವಷ್ಟರಲ್ಲಿ ತೋಳ ಮರಿಯನ್ನು ಹೊತ್ತೊಯ್ದಿತ್ತು. ತಪ್ಪು ನನ್ನದೇ. ಅದಕ್ಕೇ ಸಿಟ್ಟು ಇಮ್ಮಡಿಯಾಯಿತು.

ಮರುದಿನ ತಾಯಿತೋಳ ಇಲ್ಲದ ಹೊತ್ತು ನೋಡಿ ಹಳ್ಳಕ್ಕೆ ಹೋದೆ. ಗುದ್ದಿನ ಬಾಯಿಗೆ ಕಲ್ಲು ಒಟ್ಟಿದೆ. ಒಳಗೆ ಕುಂಯ್‌ಗುಡುವುದು ಕೇಳಿತು. ಕೇಳಿದ ಮೇಲೂ ಇನ್ನೆರಡು ಕಲ್ಲು ಇಟ್ಟೆ.

ಮೂರು ದಿನ ಅಣ್ಣ ಕುರಿಗಳೊಂದಿಗೆ ಮನ್ನಳ್ಳಿ ಕಡೆ ಇದ್ದ. ನಾಲ್ಕನೇ ದಿನ ಅವನು ಮರಳಿದ, ಇಲಾಖೆಯವರು ಕ್ಯಾಮೆರಾ ಹಿಡಿದು ಬಂದರು. ಅಣ್ಣ ಹೆಮ್ಮೆಯಿಂದ ಮುಂದೆ ನಡೆದ, ನಾನು ನೀರಿನ ಕೊಡ ಹೊತ್ತು ಹಿಂದೆ. ಗುದ್ದಿನ ಸುತ್ತ ನೆಲವೆಲ್ಲ ಕೆರೆದಿತ್ತು. ಕಲ್ಲಿನ ಮೇಲೆ ರಕ್ತದ ಕಲೆ. ಉಗುರು ಕಿತ್ತುಹೋಗುವ ಹಾಗೆ ತಾಯಿ ಕೆದರಿತ್ತು. ಕಲ್ಲು ಮಾತ್ರ ಅಲುಗಾಡಿರಲಿಲ್ಲ.

ಅಲುಗಾಡುವ ಕಟ್ಟಡವಲ್ಲ ಅದು. ಎರಡು ದೊಡ್ಡ ಕಲ್ಲು, ಅವುಗಳ ಸಂದಿನ ಮೇಲೆ ಮೂರನೆಯದು, ಸಂದಿಗೆ ಬಡಿದು ಕೂರಿಸಿದ ಚೂರು ಕಲ್ಲು. ದಡ್ಡಿಯ ಗೋಡೆಗೆ ಅಪ್ಪ ಕಲಿಸಿದ ಕೆಲಸ. ಅಪ್ಪ ತೀರಿಕೊಂಡ ಮೇಲೆ ಊರಲ್ಲಿ ಹಾಗೆ ಕಲ್ಲು ಕೂರಿಸುವವರು ಅಣ್ಣ, ನಾನು ಇಬ್ಬರೇ. ಅಣ್ಣ ಒಂದು ಚೂರು ಕಲ್ಲು ಕಿತ್ತು ಅಂಗೈಯಲ್ಲಿ ಹಿಡಿದು ನೋಡಿದ. ನನ್ನ ಕಡೆ ತಿರುಗಲಿಲ್ಲ.

"ಯಾರ್ ಮಾಡ್ಯಾರ ಇದು?" ಎಂದು ಸಾಹೇಬರು ಕೇಳಿದರು.

"ನಾನೇರಿ" ಎಂದ ಅಣ್ಣ. "ನಮ್ಮ ಕುರಿಮರಿ ಹೊತ್ತಿತ್ರಿ, ಸಿಟ್ಟಿಗೆ ಬುದ್ಧಿ ಕೆಟ್ಟಿತ್ತು."

ಕೊಡ ಕೆಳಗಿಟ್ಟು ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆಡಲಿಲ್ಲ. ಸಾಹೇಬರು ಅವನಿಗೆ ಬೈದು, ಕಲ್ಲು ತೆಗೆಸಿ, ಸತ್ತ ಮೂರು ಮರಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋದರು. ಮತ್ತೆ ಅವರ ಫೋನು ಬರಲಿಲ್ಲ. ಮಾಸ್ತರ ಎಂದು ಯಾರೂ ಕರೆಯಲಿಲ್ಲ. ಅಣ್ಣ ನನ್ನನ್ನು ಒಂದು ದಿನವೂ ಕೇಳಲಿಲ್ಲ. ಭಾಲ್ಕಿಗೆ ಮದುವೆ ಮಾಡಿಕೊಟ್ಟ, ಹಬ್ಬಕ್ಕೆ ತಪ್ಪದೆ ಕರೆಯುತ್ತ ಬಂದ.

ಈ ಚಳಿಗಾಲ ಅವನ ಫೋನು ಬಂತು. "ತಂಗಿ, ಹಳ್ಳದಾಗ ತೋಳದ ಹೆಜ್ಜಿ ಮೂಡ್ಯಾವ. ಜೋಡಿ ಅದ." ದನಿ ಹಿಂದಿನ ಹಾಗೆಯೇ ಇತ್ತು.

"ಬೀದರಿಗೆ ಹೇಳಿದಿ ಏನು?"

"ನನ್ನ ಮಾತು ಯಾರು ನಂಬ್ತಾರ? ಗುದ್ದು ಮುಚ್ಚಿದಾವ ನಾನು."

ಮರುದಿನ ಬಸ್ಸು ಹತ್ತಿ ಬೀದರಿಗೆ ಹೋದೆ. ಕಚೇರಿಯಲ್ಲಿದ್ದವರು ಹೊಸಬರು. ಅಂದು ಗುದ್ದು ಮುಚ್ಚಿದವಳು ನಾನು ಎಂದೆ. ಎಲ್ಲ ಕೇಳಿ, "ಹಳೇ ಮಾತು ಬಿಡ್ರಿ ಅಕ್ಕಾ, ಈಗಿನ ಹೆಜ್ಜಿ ಎಲ್ಲಿ ಅದಾವ ಹೇಳ್ರಿ" ಎಂದರು.

"ಅದು ನನ್ನ ಅಣ್ಣಗ ಗೊತ್ತದರಿ. ಅವಗ ಕೇಳೋಕಿಂತ ಮೊದಲು ನಾ ಹೇಳಿದ್ದು ಬರಕೋರಿ" ಎಂದೆ.

ಬರೆದುಕೊಂಡರು. ಓದಿ ತೋರಿಸಿ ಎಂದೆ. ಕೆಳಗೆ ನನ್ನ ಕೈಯಾರೆ ಹೆಸರು ಬರೆದು, ಅಲ್ಲಿಂದಲೇ ಅಣ್ಣನಿಗೆ ಫೋನು ಹಚ್ಚಿ, ಫೋನನ್ನು ಸಾಹೇಬರ ಕೈಗೆ ಕೊಟ್ಟೆ.