ದಾರೋ ಖಾನನ ಮನೆ ಕೇಳಿದ ಬಿಜ್ಜರ್

ಪಾಯಿಂದ್ ಖಾನನೂ ಅವನ ಚಿಕ್ಕಪ್ಪನ ಮಗ ದಾರೋ ಖಾನನೂ ಹುಟ್ಟಿದ್ದು ಒಂದೇ ವಾರದಲ್ಲಿ. ಐವತ್ತೆರಡು ವರ್ಷಗಳಲ್ಲಿ ಪಾಯಿಂದ್ ಅದನ್ನು ಒಂದು ದಿನವೂ ಮರೆತವನಲ್ಲ. ಬಾದಾಮಿ ಹೂ ಬಿಟ್ಟರೆ ಮೊದಲು ದಾರೋನ ತೋಟದ ಕಡೆ ನೋಡುವನು, ಆಮೇಲೆ ತನ್ನದರ ಕಡೆ. ದಾರೋ ಪೇಟ ಸುತ್ತುವ ಚಂದವೂ ಅವನ ಹೊಟ್ಟೆಗೆ ಕಿಚ್ಚಿಡುತ್ತಿತ್ತು.

ಲೋರಲಾಯಿ ಜಿಲ್ಲೆಯ ಅವರ ಕಣಿವೆಯಲ್ಲಿ ನೆಲವೆಲ್ಲ ಕಾಕಡ ಪಠಾಣರದು. ನಾಸರರೋ ಲೂಣಿಗಳೋ ಬೆಟ್ಟದ ಮರ್ರಿ ಬಲೂಚರೋ, ಹೀಗೆ ಬೇರೆ ಬುಡಕಟ್ಟಿನವರು ನೆಲೆಸಲು ಬಂದರೆ, ಯಾರಾದರೊಬ್ಬ ಕಾಕಡನ ಬಾಗಿಲಲ್ಲಿ ಕುರಿ ಕೊಯ್ಯಬೇಕು. ಅವನು ಆ ಮಾಂಸ ಉಂಡರೆ ಅವರು ಅವನ ಹಮ್ಸಾಯರು. ಅಲ್ಲಿಂದ ಅವರ ಮಾನ, ಪ್ರಾಣ ಅವನ ಹೊಣೆ. ಒಬ್ಬನ ನೆರಳಿನಲ್ಲಿ ಎಷ್ಟು ಒಲೆ ಉರಿಯುತ್ತವೋ ಊರಿನಲ್ಲಿ ಅವನ ತೂಕ ಅಷ್ಟು. ದಾರೋನಿಗೆ ಏಳು ಒಲೆ. ಪಾಯಿಂದನಿಗೆ ಆರು.

ಒಂದು ಮಧ್ಯಾಹ್ನ ಬಿಜ್ಜರ್ ಎಂಬ ಮರ್ರಿಯವನು ಹೆಂಡತಿ, ಮಗಳು, ಒಂದು ಕಪ್ಪು ಕುರಿಯೊಂದಿಗೆ ಬಂದು ಪಾಯಿಂದನನ್ನು ದಾರಿ ಕೇಳಿದ.

"ಕಾಕಾ, ದಾರೋ ಖಾನರ ಮನೆ ಯಾವ್ದು?"

"ಅಲ್ಲೀತನಕ ಯಾಕಪ್ಪಾ ನಡೀತೀಯ? ನನ್ನ ಮನೆ ಇಲ್ಲೇ ಇದೆ."

"ನಮ್ಮ ವಿಷಯ ಸ್ವಲ್ಪ ಕೇಳಿ, ಆಮೇಲೆ..."

"ಬಾಗಿಲಿಗೆ ಬಂದವರ ಜಾತಕ ಕೇಳೋದು ದಾರೋನ ಪದ್ಧತಿ. ಪಾಯಿಂದ್ ಕೇಳಲ್ಲ!"

ಹೊತ್ತು ಇಳಿಯುವ ಮೊದಲೇ ಕುರಿ ಬೆಂದಿತ್ತು. ಪಾಯಿಂದ್ ಹೊಟ್ಟೆ ತುಂಬ ಉಂಡ. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಅವನ ಹೆಂಡತಿ ತೋರ್ಪೆಕೈ ಬಂದಳು.

"ಜರ್ಕನ ಅಪ್ಪಾ, ಉಂಡದ್ದಾಯ್ತಾ?"

"ಆಯ್ತು. ನಮಗೂ ಏಳಾಯ್ತು!"

"ಎಣಿಸ್ತಾ ಕೂತ್ಕೋ. ಆ ಹುಡುಗಿ ಗಂಡ ಸತ್ತವಳು. ಮೈದುನನ್ನ ಕಟ್ಕೊಳ್ಳಲ್ಲ ಅಂತ ತವರಿಗೆ ಬಂದಿದಾಳೆ. ಗಂಡನ ಮನೆಯವರು ಬಂದೂಕು ಹಿಡ್ಕೊಂಡು ಹುಡುಕ್ತಿದಾರೆ."

ಪಾಯಿಂದ್ ಗೋಡೆಗೆ ತಗುಲಿಸಿದ್ದ ಬಂದೂಕಿನ ಕಡೆ ನೋಡಿದ. ಇದ್ದೊಬ್ಬ ಮಗ ಜರ್ಕ ದೂರದ ಕಲ್ಲಿದ್ದಲ ಗಣಿಯಲ್ಲಿದ್ದ. ದಾರೋನಿಗೆ ಐವರು ಗಂಡುಮಕ್ಕಳು, ಐವರೂ ಊರಲ್ಲೇ.

"ದಾರೋಗೆ ಇದೆಲ್ಲ ಗೊತ್ತಿತ್ತಾ?"

"ಗೊತ್ತಿದ್ದೇ ಬನ್ನಿ ಅಂದಿದ್ನಂತೆ."

ಹೆದರಿಕೆಯ ನಡುವೆಯೂ ಪಾಯಿಂದನಿಗೆ ಉರಿದದ್ದು ಈ ಮಾತಿಗೆ. ತಾನು ತಿಳಿಯದೆ ಮಾಡಿದ್ದನ್ನು ಅವನು ತಿಳಿದೇ ಮಾಡಹೊರಟಿದ್ದ.

ಮೂರನೆಯ ಬೆಳಿಗ್ಗೆ ಹನ್ನೊಂದು ಜನ ಬಂದು ಅಂಗಳದಾಚೆ ನಿಂತರು. ಪಾಯಿಂದ್ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲಿಗೆ ಅಡ್ಡ ಕುಳಿತ.

ಅವರಲ್ಲಿ ಹಿರಿಯ ಹೇಳಿದ: "ನಮ್ಮ ಸೊಸೇನ ಕಳಿಸು. ನಿನ್ನ ಮೇಲೆ ನಮಗೇನೂ ಸಿಟ್ಟಿಲ್ಲ."

"ಇವರ ಕುರಿ ಉಂಡಿದೀನಿ. ನನ್ನನ್ನ ದಾಟಿ ಹೋಗಿ."

ಪಕ್ಕದ ಓಣಿಯಿಂದ ಹೆಜ್ಜೆ ಸಪ್ಪಳ ಕೇಳಿತು. ದಾರೋ ಐವರು ಮಕ್ಕಳೊಂದಿಗೆ ಬಂದು ಪಾಯಿಂದನ ಪಕ್ಕದಲ್ಲಿ ಕುಳಿತ. ಆಮೇಲೆ ಹಿರಿಯನನ್ನು ಚಹಾಕ್ಕೆ ಕರೆದ. ಮಧ್ಯಾಹ್ನದವರೆಗೆ ಮಾತು ನಡೆಯಿತು. ಕೊನೆಗೆ, ಒಲ್ಲೆನೆನ್ನುವವಳನ್ನು ಎಳೆದೊಯ್ಯುವುದಿಲ್ಲವೆಂದು ಅವರು ಒಪ್ಪಿದರು. ಹೊರಡುವಾಗ ಹಿರಿಯ, "ದಾರೋ ಖಾನ್, ನಿನ್ನ ಮುಖ ನೋಡಿ ಹೋಗ್ತಿದೀವಿ," ಎಂದ.

"ನಿನ್ನನ್ನ ಯಾರು ಕರೆದಿದ್ರು?" ಪಾಯಿಂದ್ ಸಿಡುಕಿದ.

"ನಿನ್ನನ್ನ ಬೇರೆಯವರು ಕೊಂದುಬಿಟ್ರೆ ನಾನು ಯಾರ ಜೊತೆ ಜಗಳ ಆಡ್ಲಿ?" ದಾರೋ ನಕ್ಕ.

ಬಿಜ್ಜರ್ ತಲೆ ತಗ್ಗಿಸಿ ನಿಂತಿದ್ದ. "ಕಾಕಾ, ಈಗ ನಾವು ಯಾರ ಹಮ್ಸಾಯರು?" ಎಂದು ಕೇಳಿದ. ಕೇಳಿದ್ದು ದಾರೋನನ್ನು.

ದಾರೋ ಮೇಲೆದ್ದು ಬಟ್ಟೆಯ ಧೂಳು ಕೊಡವಿಕೊಂಡ.

"ಪಾಯಿಂದನ ಹಮ್ಸಾಯರು. ಬಾಗಿಲಿಗೆ ಅಡ್ಡ ಮೊದಲು ಕೂತವನು ಅವನು."

ಆ ಸಂಜೆ ಪಾಯಿಂದನ ನೆರಳಿನಲ್ಲಿ ಏಳನೆಯ ಒಲೆ ಹೊಗೆಯಾಡಿತು. ಅದನ್ನೂ ದಾರೋನೇ ಕೊಟ್ಟಂತಾಯಿತು. ತೋರ್ಪೆಕೈ ಎರಡು ಸಲ ಊಟಕ್ಕೆ ಕರೆದಳು, ಅವನು ಏಳಲಿಲ್ಲ.