ಭಾಗ್ಯಮ್ಮನ ಕಾರಿಗೆ ಕಟ್ಟಿದ ರೆಗ್ಯುಲೇಟರ್

2021ರ ಮೇ ತಿಂಗಳು. ಮದ್ದೂರಿನಲ್ಲಿ ಕೊಪ್ಪದ ಕಡೆ ಹೋಗುವ ರಸ್ತೆಯಲ್ಲಿ ನನ್ನ ಕಾರ್ ರಿಪೇರಿ ಶೆಡ್. ಈ ಕೆಲಸಕ್ಕೆ ಇಳಿದು ಆಗಲೇ ಮೂವತ್ತು ವರ್ಷವಾಗಿತ್ತು. ಲಾಕ್‌ಡೌನ್ ಇದ್ದುದರಿಂದ ಶಟರ್ ಅರ್ಧ ಎಳೆದು, ಒರೆಸಿದ ಸ್ಪ್ಯಾನರ್‌ಗಳನ್ನೇ ಮತ್ತೆ ಒರೆಸುತ್ತ ಕೂರುತ್ತಿದ್ದೆ. ಮನೆಯಲ್ಲಿದ್ದರೆ ಎಲ್ಲರ ಮೇಲೂ ರೇಗುತ್ತೇನೆಂದು ಹೆಂಡತಿಯೇ ಬೆಳಿಗ್ಗೆ ಶೆಡ್ಡಿಗೆ ಅಟ್ಟುತ್ತಿದ್ದಳು.

ಒಂದು ದಿನ ಕೊಪ್ಪದ ನಾಗರಾಜುವಿನ ಹಳೆಯ ಪೆಟ್ರೋಲ್ ಕಾರು ಕಪ್ಪು ಹೊಗೆ ಉಗುಳುತ್ತ, ಬಿಕ್ಕುತ್ತ ಬಂದು ಶೆಡ್ಡಿನ ಮುಂದೆಯೇ ನಿಂತುಹೋಯಿತು. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಭಾಗ್ಯಮ್ಮ. ಕಿಡ್ನಿ ಕೆಟ್ಟು, ವಾರಕ್ಕೆ ಮೂರು ಸಲ ಮಂಡ್ಯದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದರು. ಅಲ್ಲಿನ ಸಿಬ್ಬಂದಿಗೆ ಕೊರೋನಾ ಬಂದು ಹಿಂದಿನ ಸರದಿ ತಪ್ಪಿಹೋಗಿತ್ತು. ಮೈಯಲ್ಲಿ ನೀರು ತುಂಬಿ ಮುಖ ಊದಿತ್ತು, ಏದುಸಿರು ಬಿಡುತ್ತಿದ್ದರು.

"ನಯಾಜಣ್ಣ, ಮದ್ಯಾನ್ದೊಳಗೆ ಮಂಡ್ಯ ಸೇರ್ದಿದ್ರೆ ಇವ್ಳು ಉಳಿಯಾಕಿಲ್ಲ ಅಂದವ್ರೆ ಡಾಕ್ಟ್ರು. ಏನಾರ ಮಾಡಣ್ಣ."

ಮೊದಲು ಆಂಬುಲೆನ್ಸಿಗೆ ಫೋನ್ ಮಾಡಿದೆ. ಒಂದೂ ಖಾಲಿಯಿರಲಿಲ್ಲ. ಕಾರಿದ್ದ ಗಿರಾಕಿಗಳಿಗೆಲ್ಲ ಮಾಡಿದೆ. ಬರುತ್ತೇನೆ ಎಂದವರೂ ಫೋನಿನಲ್ಲಿ ಆ ಏದುಸಿರು ಕೇಳಿ ಹಿಂದೆ ಸರಿದರು. ಇದು ಕೊರೋನಾ ಅಲ್ಲ, ಕಿಡ್ನಿ ಎಂದು ಎಷ್ಟು ಬಾಯಿ ಬಡಿದುಕೊಂಡರೂ ನಂಬುವವರಿರಲಿಲ್ಲ. ಬೈಕಿನಲ್ಲಿ ಕೂರುವ ಸ್ಥಿತಿ ಅವರದಲ್ಲ. ನನ್ನ ಶೆಡ್ಡಿನಲ್ಲಿದ್ದ ಎರಡು ಕಾರುಗಳೂ ಎಂಜಿನ್ ಬಿಚ್ಚಿಸಿಕೊಂಡು ಕೂತಿದ್ದವು. ಉಳಿದದ್ದು ಇದೊಂದೇ ಕಾರು.

ಕೆಟ್ಟದ್ದು ಫ್ಯೂಯಲ್ ಪ್ರೆಷರ್ ರೆಗ್ಯುಲೇಟರ್. ಪಂಪು ಟ್ಯಾಂಕಿನಿಂದ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ತಳ್ಳುತ್ತದೆ. ಈ ರೆಗ್ಯುಲೇಟರ್ ಎಂಜಿನ್ನಿಗೆ ಬೇಕಾದಷ್ಟು ಒತ್ತಡ ಹಿಡಿದಿಟ್ಟು, ಮಿಕ್ಕಿದ್ದನ್ನು ರಿಟರ್ನ್ ಪೈಪಿನಲ್ಲಿ ವಾಪಸ್ ಟ್ಯಾಂಕಿಗೆ ಕಳಿಸುತ್ತದೆ. ಒಳಗಿರುವುದು ಒಂದು ಸ್ಪ್ರಿಂಗ್, ಅದರ ಕೆಳಗೆ ಡಯಾಫ್ರಮ್ ಎನ್ನುವ ರಬ್ಬರ್ ಪರದೆ. ಆ ಪರದೆ ಹರಿದು ಪೆಟ್ರೋಲ್ ಎಂಜಿನ್ನಿಗೆ ಅಡ್ಡದಾರಿಯಲ್ಲಿ ನುಗ್ಗುತ್ತಿತ್ತು. ಸ್ಪೇರ್ ಅಂಗಡಿಗಳಿಗೆಲ್ಲ ಬೀಗ. ಅಡ್ಡದಾರಿ ಮುಚ್ಚಿ, ರಿಟರ್ನ್ ಪೈಪನ್ನು ಕ್ಲಾಂಪಿನಿಂದ ಹಿಸುಕಿ ನೋಡಿದೆ. ನಿಂತಲ್ಲಿ ಎಂಜಿನ್ ಓಡಿತು, ಆಕ್ಸಿಲರೇಟರ್ ಒತ್ತಿದ ಕೂಡಲೇ ಒತ್ತಡ ಬಿದ್ದು ಆಫ್ ಆಯಿತು.

ಸರಿ, ನಾನೇ ಒಂದು ಮಾಡುತ್ತೇನೆ ಎಂದು ಹಟಕ್ಕೆ ಬಿದ್ದೆ. ಎರಡು ದಪ್ಪ ಕಬ್ಬಿಣದ ಬಿಲ್ಲೆ ಕೊರೆದೆ. ನಡುವೆ ರಬ್ಬರ್, ಅದರ ಮೇಲೆ ಬೈಕಿನ ಕ್ಲಚ್ ಸ್ಪ್ರಿಂಗ್, ಸ್ಪ್ರಿಂಗನ್ನು ಅದುಮಲು ಮುಚ್ಚಳದಲ್ಲೊಂದು ಉದ್ದ ಬೋಲ್ಟ್. ಬೋಲ್ಟ್ ಬಿಗಿ ಮಾಡಿದರೆ ಒತ್ತಡ ಏರಬೇಕು, ಸಡಿಲಿಸಿದರೆ ಇಳಿಯಬೇಕು. ರಬ್ಬರಿಗೆ ಟ್ರ್ಯಾಕ್ಟರ್ ಟ್ಯೂಬ್ ಕತ್ತರಿಸಿದೆ. ನಮ್ಮ ಕಡೆ ಎಮ್ಮೆಯ ಹಗ್ಗದಿಂದ ಹಿಡಿದು ಬೋರ್‌ವೆಲ್ ಪೈಪಿನವರೆಗೆ ಎಲ್ಲಕ್ಕೂ ಟ್ಯೂಬೇ ಮದ್ದು. ಒತ್ತಡ ಅಳೆಯುವ ಗೇಜಿನ ಮುಳ್ಳು ಎಂಜಿನ್ನಿಗೆ ಬೇಕಾದ ಮೂರು ಕೆ.ಜಿ.ಗೆ ಏರಿದಾಗ ಕುಣಿಯುವಷ್ಟು ಖುಷಿಯಾಯಿತು. ಸ್ವಲ್ಪ ಹೊತ್ತಿಗೆ ಮುಳ್ಳು ಇಳಿಯತೊಡಗಿತು. ಬಿಚ್ಚಿದರೆ, ಟ್ಯೂಬು ಪೆಟ್ರೋಲ್ ಕುಡಿದು ಹಪ್ಪಳದಂತೆ ಉಬ್ಬಿ ನೆರಿಗೆಗಟ್ಟಿತ್ತು. ಸಿಟ್ಟಿಗೆ ಅದನ್ನು ಗೋಡೆಗೆ ಎಸೆದೆ. ನಾಗರಾಜು ಬಾಗಿಲಲ್ಲೇ ಕುಸಿದು ಕೂತ.

ಆಗ ಭಾಗ್ಯಮ್ಮ ಸೀಟಿನಿಂದಲೇ ಕೈಯಾಡಿಸಿ ಕರೆದರು. ಒಂದೊಂದು ಮಾತಿಗೂ ನಿಂತು ಉಸಿರು ಎಳೆದುಕೊಳ್ಳಬೇಕಿತ್ತು.

"ಹಾಲು ಕರೆಯೋ ಮಿಸಿನ್ನಿಗೂ... ಇಂಗೇ ಟ್ಯೂಬ್ ಹಾಕಿದ್ದೆ. ಹಾಲಿನ ಜಿಡ್ಡಿಗೆ ಉಬ್ಬೋಯ್ತು. ಕಂಪ್ನಿ ರಬ್ಬರು... ಏನೂ ಆಗಾಕಿಲ್ಲ ಕಣಣ್ಣ. ಮನೇಲಿ ಅದೆ."

ನನಗೆ ಥಟ್ಟನೆ ಹೊಳೆಯಿತು. ಜಿಡ್ಡು ತಡೆಯುವ ಆ ನೈಟ್ರೈಲ್ ರಬ್ಬರ್ ಪೆಟ್ರೋಲನ್ನೂ ತಡೆಯುತ್ತದೆ. ಲಾಕ್‌ಡೌನಿನಲ್ಲೂ ಹಾಲಿನ ಗಾಡಿ ಓಡುತ್ತಿತ್ತು; ಕ್ಯಾನು ತುಂಬಿದ ಅದರಲ್ಲಿ ಭಾಗ್ಯಮ್ಮನನ್ನು ಕೂರಿಸಲು ಜಾಗವಿರುತ್ತಿರಲಿಲ್ಲ, ರಬ್ಬರ್ ಮಾತ್ರ ಬರಬಹುದಿತ್ತು. ಫೋನ್ ಮಾಡಿದ ಮೇಲೆ ನಾಗರಾಜುವಿನ ತಾಯಿ ಮೆಷೀನಿನ ಎರಡು ಡಯಾಫ್ರಮ್‌ಗಳನ್ನು ಕೊಪ್ಪದಿಂದ ಅದರಲ್ಲೇ ಕಳಿಸಿದರು. ಅದು ಬರುವವರೆಗೆ ನಾವು ಮೂವರೂ ರಸ್ತೆಯನ್ನೇ ನೋಡುತ್ತ ಕೂತೆವು.

ಕಾಯುವಾಗ ಭಾಗ್ಯಮ್ಮ ಕೇಳಿದರು, "ಈ ಸಾಮಾನು ಏನ್ ಮಾಡ್ತದಣ್ಣ?"

"ಬೇಕಾದ್ದು ಮಡಿಕ್ಕಂಡು, ಮಿಕ್ಕಿದ್ದ ಆಚೆಗೆ ಕಳಿಸ್ತದೆ ಕಣಮ್ಮ."

"ಅಂಗಾರೆ ನಂಗೂ ಅದೇ ಕೆಟ್ಟಿರದು."

ನಾನು ಎದ್ದು, ಪೆಟ್ರೋಲ್ ಹತ್ತಿದ ಬಿಲ್ಲೆಗಳನ್ನು ಒರೆಸತೊಡಗಿದೆ.

ರಬ್ಬರ್ ಬಂತು. ಎರಡನ್ನೂ ಜೋಡಿಸಿ ಹಾಕಿ ಬಿಗಿದೆ. ಮುಳ್ಳು ಇಳಿಯದೆ ಮೂರರಲ್ಲೇ ನಿಂತಿತು. ಆದರೂ ಪೆಟ್ರೋಲ್ ಸೋರಿ ಬೆಂಕಿ ಹತ್ತಿದರೆ ಎಂಬ ಭಯಕ್ಕೆ ಬೆಂಕಿ ಆರಿಸುವ ಸಿಲಿಂಡರ್ ತೊಡೆಯ ಮೇಲಿಟ್ಟುಕೊಂಡು, ಸ್ಟೀರಿಂಗ್ ಹಿಡಿದ ನಾಗರಾಜುವಿನ ಪಕ್ಕ ನಾನೂ ಕೂತೆ. ಗೇಜನ್ನು ಬಾನೆಟ್ಟಿನ ಸಂದಿನಿಂದ ಹೊರತೆಗೆದು ವೈಪರಿಗೆ ಕಟ್ಟಿದ್ದೆ. ದಾರಿಯಲ್ಲಿ ಗೆಜ್ಜಲಗೆರೆ ದಾಟುತ್ತಿದ್ದಂತೆ ಎಂಜಿನ್ ಬಿಸಿಗೆ ಸ್ಪ್ರಿಂಗಿನ ಬಿಗಿ ತಗ್ಗಿ ಮುಳ್ಳು ಇಳಿಯತೊಡಗಿತು. ನಿಲ್ಲಿಸಿ, ಕೈ ಸುಟ್ಟುಕೊಂಡು ಬೋಲ್ಟನ್ನು ಕಾಲು ಸುತ್ತು ತಿರುಗಿಸಿದೆ. ಮತ್ತೆ ಹೊರಟಾಗ ಹಿಂದಿನಿಂದ ಬರುತ್ತಿದ್ದ ಏದುಸಿರು ಕೇಳಿಸಲಿಲ್ಲ.

"ಉಸುರಾಡ್ತಾ ಅವ್ಳಾ ನೋಡಣ್ಣ. ನನ್ ಕೈಲಿ ತಿರುಗಿ ನೋಡಾಕಾಗಲ್ಲ," ಎಂದ ನಾಗರಾಜು.

ತಿರುಗಿ ಮೂಗಿನ ಬಳಿ ಬೆರಳು ಹಿಡಿದೆ. ಗ್ರೀಸ್ ಮೆತ್ತಿದ ಬೆರಳಿಗೆ ಏನೂ ತಿಳಿಯಲಿಲ್ಲ. ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಹಿಡಿದೆ. ಸಣ್ಣಗೆ ಬಿಸಿ ತಾಗಿತು.

"ಅವ್ಳೆ. ನೀ ಓಡಿಸ್ಲಾ!" ಎಂದು ಕೂಗಿದೆ.

ಆಸ್ಪತ್ರೆಯ ಬಾಗಿಲಲ್ಲೇ ಅವರನ್ನು ಸ್ಟ್ರೆಚರಿನಲ್ಲಿ ಒಳಗೆ ಒಯ್ದರು. ಸಂಜೆ ಭಾಗ್ಯಮ್ಮ ಕಣ್ಣು ಬಿಟ್ಟು ಮಾತಾಡಿದರೆಂದು ನರ್ಸ್ ಹೇಳಿದಾಗ ನಾನು ನಾಗರಾಜುವಿಗಿಂತ ಹೆಚ್ಚು ಅತ್ತೆ.

ಅಂಗಡಿಗಳು ತೆರೆದ ಮೇಲೆ ಹೊಸ ರೆಗ್ಯುಲೇಟರ್ ಹಾಕಿ, ನನ್ನದನ್ನು ಬಿಚ್ಚಿದೆ. ಭಾಗ್ಯಮ್ಮ ಅದನ್ನು ಕೈಯಲ್ಲಿ ತೂಗಿ ನೋಡಿ, "ನಂಗೂ ಇಂತದ್ದೊಂದು ಮಾಡ್ಕೊಡಣ್ಣ," ಎಂದು ನಕ್ಕರು. ನನಗೆ ನಗು ಬರಲಿಲ್ಲ. ಕೆಟ್ಟದ್ದನ್ನು ಸರಿಮಾಡಿ ಕಳಿಸಿದರೆ ನನ್ನ ಕೆಲಸ ಮುಗಿಯಿತು ಎಂದುಕೊಂಡೇ ಅಷ್ಟು ವರ್ಷ ಬದುಕಿದ್ದೆ. ಕೆಲವಕ್ಕೆ ಸರಿಹೋಗುವುದೆಂಬುದೇ ಇಲ್ಲ, ಪ್ರತಿ ಸಲವೂ ಮುಂದಿನ ಸರದಿಗೆ ತಲುಪಿಸುತ್ತಿರಬೇಕು ಎಂಬುದನ್ನು ಆ ಕಾರು ಕಲಿಸಿತು.

ಈಗಲೂ ವಾರಕ್ಕೆ ಮೂರು ಬೆಳಿಗ್ಗೆ ಆ ಕಾರು ನನ್ನ ಶೆಡ್ಡಿನ ಮುಂದೆ ಹಾರ್ನ್ ಹೊಡೆದು ಹೋಗುತ್ತದೆ. ಹಾರ್ನ್ ತಡವಾದರೆ ಕೈಯಲ್ಲಿರುವ ಕೆಲಸ ಬಿಟ್ಟು, ರಸ್ತೆಗೆ ಬಂದು ಕೊಪ್ಪದ ಕಡೆ ನೋಡುತ್ತ ನಿಲ್ಲುತ್ತೇನೆ.