ನೀರುಗುಂಡಿಯ ಇಂಚಕ್ಕ

ಅವಳ ಸ್ವಂತ ಹೆಸರು ಕ್ರೀಡಾಂಗಣದ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಇಂಚಕ್ಕ. ಸೊಂಟಕ್ಕೆ ಅಳತೆಪಟ್ಟಿ ಸಿಕ್ಕಿಸಿಕೊಂಡೇ ಕೆಲಸಕ್ಕೆ ಬರುತ್ತಿದ್ದಳು. ಯಾರಾದರೂ "ಸುಮಾರಾಗಿ ಸರಿಯಿದೆ" ಅಂದರೆ ಸಾಕು, "ಸುಮಾರು ಅನ್ನೋದು ಸೋಮಾರಿಗಳ ಅಳತೆ" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ ಮತ್ತೆ ಅಳೆಯುತ್ತಿದ್ದಳು.

ಅವಳ ಅಪ್ಪ ಅದೇ ಕ್ರೀಡಾಂಗಣದ ಬಡಗಿ. ಗ್ಯಾಲರಿಯ ಮೆಟ್ಟಿಲುಗಳ ಕೆಳಗೆ, ನೆಟ್ಟಗೆ ನಿಂತರೆ ತಲೆಗೆ ತಾಗುವಂಥ ಕೋಣೆಯಲ್ಲಿ ಕೂತು ಸ್ಟೀಪಲ್‌ಚೇಸ್ ಓಟದ ಅಡ್ಡತೊಲೆಗಳನ್ನು ಮಾಡುತ್ತಿದ್ದ. ಹರ್ಡಲ್ಸ್ ಓಟದ ತಡೆಗಳು ಕಾಲು ತಗುಲಿದರೆ ತಾವೇ ಮಗುಚಿಕೊಳ್ಳುತ್ತವೆ. ಈ ತೊಲೆ ಹಾಗಲ್ಲ. ಐದಿಂಚು ದಪ್ಪ, ಕಾಲುಗಳ ಸಮೇತ ಅಲುಗಿಸಲು ನಾಲ್ಕು ಆಳು ಬೇಕು. ಬೀಳುವುದಿದ್ದರೆ ಓಡುವವನೇ ಬೀಳಬೇಕು. ಮೂರು ಸಾವಿರ ಮೀಟರಿನಲ್ಲಿ ಇಪ್ಪತ್ತೆಂಟು ಸಲ ಬರೀ ತೊಲೆ, ಇನ್ನೂ ಏಳು ಸಲ ತೊಲೆಯ ಬೆನ್ನಿಗೇ ಹನ್ನೆರಡಡಿ ಉದ್ದದ ನೀರುಗುಂಡಿ.

ಮರ ಉಜ್ಜುತ್ತಾ ಅಪ್ಪ ಮಗಳಿಗೆ ಈ ಓಟದ ಕಥೆ ಹೇಳುತ್ತಿದ್ದ. "ದುಡ್ಡಿದ್ದ ದೊರೆಗಳು ಒಂದೂರಿನ ಚರ್ಚಿನ ಗೋಪುರದಿಂದ ಇನ್ನೊಂದೂರಿನ ಗೋಪುರಕ್ಕೆ ಪಂದ್ಯ ಕಟ್ಟಿ ಕುದುರೆ ಓಡಿಸೋರಂತೆ. ನಡುವೆ ಬೇಲಿ ಸಿಕ್ಕಲಿ, ತೊರೆ ಸಿಕ್ಕಲಿ, ಹಾರಿಸೋದೇ. ಆಮೇಲೆ ಕುದುರೆ ಬಿಟ್ಟು ತಾವೇ ಓಡೋಕೆ ಶುರುಮಾಡಿದ್ರು. ಸದ್ಯ, ಕುದುರೆಗಳು ಬಚಾವಾದವು."

ಅಪ್ಪನಿಗೆ ತೀರಾ ಇಷ್ಟವಾಗಿದ್ದು ಮೂವತ್ತೆರಡರ ಒಲಿಂಪಿಕ್ಸ್ ಕಥೆ. ಸುತ್ತು ಎಣಿಸುವವರು ಎಣಿಕೆ ತಪ್ಪಿಸಿ, ಓಟಗಾರರನ್ನು ಒಂದು ಸುತ್ತು ಜಾಸ್ತಿ ಓಡಿಸಿಬಿಟ್ಟರು. ನಿಜವಾದ ದೂರಕ್ಕೆ ಎರಡನೆಯವನಾಗಿದ್ದವನು ಆ ದಂಡದ ಸುತ್ತಿನಲ್ಲಿ ಮೂರನೆಯವನಾದ. "ಓಡೋನು ಕಾಲು ತಪ್ಪಿದರೆ ಸೋತ. ಕೋಟು ಹಾಕ್ಕೊಂಡೋನು ಲೆಕ್ಕ ತಪ್ಪಿದರೂ ಓಡೋನೇ ಸೋತ. ತಿಳೀತೇನವ್ವಾ?" ಅನ್ನುತ್ತಿದ್ದ.

ಅವಳಿಗೆ ಚೆನ್ನಾಗಿಯೇ ತಿಳಿಯಿತು. ಹದಿನೆಂಟನೇ ವಯಸ್ಸಿಗೆ ಅಪ್ಪನ ತೊಲೆಗಳನ್ನೇ ಹಾರಿ ಹಾರಿ, ಗಂಡುಹುಡುಗರ ಜೊತೆ ಪೂರ್ತಿ ದೂರ ಓಡಿ, ಅವರಲ್ಲಿ ಅರ್ಧಕ್ಕರ್ಧ ಜನರನ್ನು ಹಿಂದೆ ಹಾಕುತ್ತಿದ್ದಳು. ಹೆಂಗಸರಿಗೆ ಆ ಓಟವೇ ಇಲ್ಲದ ಕಾಲ. ಪ್ರದರ್ಶನಕ್ಕಾದರೂ ಒಂದು ಓಟ ಇಡಿ ಅಂತ ಕೇಳಲು ಅಥ್ಲೆಟಿಕ್ ಸಂಘದ ಜಂಟಿ ಕಾರ್ಯದರ್ಶಿಯ ಕೋಣೆಗೆ ಹೋದಳು. ಅವನಿಗಿನ್ನೂ ಮೂವತ್ತು ತುಂಬಿರಲಿಲ್ಲ. ಹೊಟ್ಟೆ ಮಾತ್ರ ಆಗಲೇ ಅಧ್ಯಕ್ಷನಷ್ಟಿತ್ತು.

"ನೋಡಮ್ಮಾ, ಹೆಂಗಸರ ದೇಹದ ರಚನೆ ಬೇರೆ. ಅಷ್ಟೆತ್ತರದಿಂದ ಗುಂಡಿಗೆ ಧುಮುಕಿದರೆ ಗರ್ಭಕೋಶ ಜಾರುತ್ತೆ. ಇದು ವಿಜ್ಞಾನ" ಅಂದ.

"ನಮ್ಮಮ್ಮ ದಿನಾ ಎರಡು ಕೊಡ ನೀರು ಹೊತ್ಕೊಂಡು ಮೂರು ಮಹಡಿ ಹತ್ತಿ ಇಳೀತಾಳೆ ಸಾರ್. ಆರು ಮಕ್ಕಳು ಹೆತ್ತಳು. ಆಗ ಎಲ್ಲಿಗೆ ಹೋಗಿತ್ತು ಈ ವಿಜ್ಞಾನ?"

ಅವನು ಗಂಟೆ ಬಾರಿಸಿ ಜವಾನನನ್ನು ಕರೆದ. ಅಲ್ಲಿಗೆ ಅವಳ ಓಟ ಮುಗಿಯಿತು. ಹಾರಲಾರದೆ ಮುಗಿದದ್ದಲ್ಲ, ಒಬ್ಬ ಮಹಾನುಭಾವ ಕುರ್ಚಿಯಿಂದ ಏಳಲಾರದೆ ಮುಗಿದದ್ದು.

ಅಪ್ಪ ತೀರಿಕೊಂಡ ಮೇಲೆ ಅವಳಿಗೆ ಅಲ್ಲೇ ಮೈದಾನದ ಕೆಲಸ ಸಿಕ್ಕಿತು. ಬಸ್ ಡಿಪೋದ ಮೆಕ್ಯಾನಿಕ್ ಒಬ್ಬನನ್ನು ಮದುವೆಯಾದಳು. ಅಳೆದು ತೂಗಿ ಆಡುವ ಮನುಷ್ಯ, ಅದಕ್ಕೇ ಒಪ್ಪಿದೆ ಅನ್ನುತ್ತಿದ್ದಳು. ಮರದ ತೊಲೆಗಳ ಕಾಲುಗಳು ಲೋಹದವಾದವು, ಎರಡೂ ತುದಿಯಲ್ಲಿ ಪಿನ್ನು ಕಿತ್ತು ಎತ್ತರ ಬದಲಿಸುವ ಹಾಗಾದವು. ಎರಡು ಸಾವಿರದ ಐದರಲ್ಲಿ ವಿಶ್ವ ಚಾಂಪಿಯನ್‌ಶಿಪ್ಪಿಗೆ, ಮೂರು ವರ್ಷ ಬಿಟ್ಟು ಒಲಿಂಪಿಕ್ಸಿಗೆ ಹೆಂಗಸರ ಸ್ಟೀಪಲ್‌ಚೇಸ್ ಸೇರಿತು. ಗಂಡಸರು ಒಲಿಂಪಿಕ್ಸಿನಲ್ಲಿ ಅದನ್ನು ಓಡಲು ಶುರುಮಾಡಿ ನೂರೆಂಟು ವರ್ಷವಾಗಿತ್ತು. ಸುದ್ದಿ ಓದಿದ ಇಂಚಕ್ಕ ಪೇಪರು ಮಡಿಸಿಟ್ಟು ಗಂಡನಿಗೆ ಹೇಳಿದಳು, "ನೂರೆಂಟು ವರ್ಷ ಮೀಟಿಂಗ್ ಮಾಡಿ, ನಮಗೂ ಕಾಲಿದೆ ಅಂತ ಕಂಡುಹಿಡಿದಿದ್ದಾರೆ ರೀ."

ಇನ್ನೂ ಕೆಲವು ವರ್ಷಕ್ಕೆ ಅವಳ ಊರಿಗೇ ಒಂದು ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್ ಬಂತು. ಜಂಟಿ ಕಾರ್ಯದರ್ಶಿ ಈಗ ಸಂಘದ ಅಧ್ಯಕ್ಷ. ಹೊಟ್ಟೆಗೆ ತಕ್ಕ ಹುದ್ದೆ ಕೊನೆಗೂ ಒದಗಿತ್ತು. ಉದ್ಘಾಟನೆಯ ದಿನ ಮೈಕಿನ ಮುಂದೆ ನಿಂತು, "ಹೆಣ್ಣುಮಕ್ಕಳ ಈ ಓಟಕ್ಕಾಗಿ ನಾನು ಯೌವನದಿಂದಲೂ ಹೋರಾಡಿದವನು" ಅಂದ. ನೀರುಗುಂಡಿಯ ಪಾಚಿ ಉಜ್ಜುತ್ತಿದ್ದ ಇಂಚಕ್ಕ ಬ್ರಷ್ಷು ನಿಲ್ಲಿಸಿ ಕೇಳಿಸಿಕೊಂಡಳು. ಆಮೇಲೆ ಪಾಚಿಯನ್ನು ಇನ್ನಷ್ಟು ಜೋರಾಗಿ ಉಜ್ಜಿದಳು.

ಎರಡನೇ ದಿನ ಬೆಳಿಗ್ಗೆ ಮೊದಲು ಗಂಡಸರ ಅರ್ಹತಾ ಓಟ, ಅದರ ಬೆನ್ನಿಗೇ ಹೆಂಗಸರದು. ಗಂಡಸರಿಗೆ ತೊಲೆ ಮೂವತ್ತಾರು ಇಂಚು, ಹೆಂಗಸರಿಗೆ ಮೂವತ್ತು. ನಡುವೆ ಸಿಕ್ಕ ಹೊತ್ತಿನಲ್ಲಿ ಕೋಟು ತೊಟ್ಟ ತಂಡವೊಂದು ಓಟದ ಹಾದಿಯ ನಾಲ್ಕು ತೊಲೆಗಳನ್ನು ತಗ್ಗಿಸಿತು. ಐದನೆಯದು ಗುಂಡಿಯ ಮುಂದಿನದು, ತಿರುವಿನಾಚೆ ಇತ್ತು. ಅಲ್ಲಿಗೆ ಬಿಸಿಲಿನಲ್ಲಿ ನೂರು ಹೆಜ್ಜೆ ನಡೆಯಬೇಕು. ಅವರು ನಡೆಯಲಿಲ್ಲ.

ಗುಂಡಿಯ ಪಕ್ಕ ನಿಂತಿದ್ದ ಇಂಚಕ್ಕನಿಗೆ ಕಣ್ಣಳತೆಯಲ್ಲೇ ಗೊತ್ತಾಯಿತು. ಆದರೂ ಪಟ್ಟಿ ಹಿಡಿದು ನೋಡಿದಳು. ಮೂವತ್ತಾರು. ಓಡುಹೆಜ್ಜೆಯಲ್ಲಿ ತಾಂತ್ರಿಕ ಅಧಿಕಾರಿಯ ಹತ್ತಿರ ಹೋದಳು.

"ಸಾರ್, ಗುಂಡಿಯ ತೊಲೆ ಇನ್ನೂ ಗಂಡಸರ ಎತ್ತರಕ್ಕೇ ಇದೆ."

ಅವನು ಕೈಯಲ್ಲಿದ್ದ ಹಾಳೆ ತೋರಿಸಿದ. "ಐದೂ ತೊಲೆ ಅಳತೆ ಆಗಿದೆ. ಇಲ್ನೋಡಿ, ಸಹಿ ಇದೆ."

"ಸಹಿ ಇದೆ ಸಾರ್. ಅವರು ಹಾರೋದು ಹಾಳೆ ಮೇಲಲ್ವಲ್ಲ, ತೊಲೆ ಮೇಲೆ."

"ಅಮ್ಮಾ, ನೀರು ನೋಡ್ಕೊಳ್ಳೋದು ನಿಮ್ಮ ಕೆಲಸ. ನೀರು ನೋಡ್ಕೊಳ್ಳಿ" ಅಂದು ಅವನು ಬೆನ್ನು ತಿರುಗಿಸಿದ. ಅಷ್ಟರಲ್ಲಿ ಓಟ ಶುರುಮಾಡುವ ಪಿಸ್ತೂಲು ಸಿಡಿಯಿತು.

ಅವಳು ಗುಂಡಿಯತ್ತ ಓಡಿದಳು. ಐವತ್ತಾರರ ಮೊಣಕಾಲು ಎಷ್ಟು ಓಡೀತು? ತಲುಪುವ ಹೊತ್ತಿಗೆ ಗುಂಪು ಬಂದೇಬಿಟ್ಟಿತ್ತು. ಮುಂದಿದ್ದ ಹುಡುಗಿ ರೂಢಿಯಂತೆ ತೊಲೆಯ ಮೇಲೆ ಪಾದ ಇಡಲು ಕಾಲೆತ್ತಿದಳು. ಪಾದ ಸೇರಬೇಕಾದ ಕಡೆ ಮೊಣಕಾಲಿನ ಕೆಳಗಿನ ಮೂಳೆ ಬಡಿಯಿತು. ಮಗುಚಿ ಗುಂಡಿಗೆ ಬಿದ್ದಳು. ಅವಳ ಹಿಂದೆ ಇನ್ನಿಬ್ಬರು ಬಿದ್ದರು. ಉಳಿದವರು ತೊಲೆಗೆ ಎದೆಯೂರಿ ತೆವಳಿ ದಾಟಿದರು. ಗ್ಯಾಲರಿಯಲ್ಲಿ ಜನ ನಕ್ಕರು. ಜನಕ್ಕೇನು, ಯಾರು ಬಿದ್ದರೂ ನಗುತ್ತಾರೆ.

ಮುಂದಿನ ಸುತ್ತಿಗೆ ಒಂದೂಕಾಲು ನಿಮಿಷ ಇತ್ತು. ಇಂಚಕ್ಕ ಸೀರೆ ಎತ್ತಿ ಕಟ್ಟಿ ತೊಲೆಯ ಒಂದು ತುದಿಯ ಪಿನ್ನು ಕಿತ್ತಳು. ಇನ್ನೊಂದು ತುದಿಗೆ ಜನ ಬೇಕು. ಹತ್ತಿರ ಕ್ಯಾಮೆರಾ ಹಿಡಿದು ಕೂತಿದ್ದ ದಪ್ಪನೆಯ ಫೋಟೋಗ್ರಾಫರ್ ಒಬ್ಬನೇ ಇದ್ದದ್ದು.

"ಅಣ್ಣಾ, ಫೋಟೋ ಆಮೇಲೆ. ಆ ಕಡೆ ಪಿನ್ನು ಕಿತ್ತು ಭುಜ ಕೊಡಿ."

ಅವನು ಕ್ಯಾಮೆರಾ ಕೆಳಗಿಟ್ಟು ಬಂದ. ತೊಲೆ ಇಳಿಯಿತು, ಪಿನ್ನು ಕೂತವು. ಅವಳು ಪಟ್ಟಿ ಹಿಡಿದು ನೋಡುವಷ್ಟರಲ್ಲಿ ಓಟಗಾರ್ತಿಯರು ತಿರುವಿನಲ್ಲಿ ಕಂಡರು. ಇಬ್ಬರೂ ಪಕ್ಕಕ್ಕೆ ಉರುಳಿಕೊಂಡರು. ಈ ಸಲ ಎಲ್ಲರೂ ಹಾರಿದರು. ಮೂಳೆಗೆ ಪೆಟ್ಟು ಬಿದ್ದವಳೂ ಕೊನೆಯಲ್ಲಿ ರಕ್ತ ಸುರಿಸಿಕೊಂಡು ಬಂದು ಹಾರಿ ಹೋದಳು.

ಬಿಸಿಲಿನಲ್ಲಿ ನೂರು ಹೆಜ್ಜೆ ನಡೆಯಲಾರದವರು ಈಗ ಇನ್ನೂರು ಹೆಜ್ಜೆ ಓಡಿ ಬಂದರು. ಬಿದ್ದವರನ್ನು ನೋಡಲಲ್ಲ, ಅವಳನ್ನು ಹಿಡಿಯಲು. ಯಾರ ಅಪ್ಪಣೆ ಕೇಳಿ ತೊಲೆ ಮುಟ್ಟಿದಿರಿ ಅಂತ ತಾಂತ್ರಿಕ ಅಧಿಕಾರಿ ಕೇಳಿದ. ಸಂಜೆಯವರೆಗೆ ಸಭೆ ನಡೆಯಿತು. ಬಿದ್ದ ಮೂವರನ್ನೂ ಫೈನಲ್‌ಗೆ ತೆಗೆದುಕೊಳ್ಳುವುದು ಅಂತ ತೀರ್ಮಾನವಾಯಿತು. ಅಧ್ಯಕ್ಷ ಪತ್ರಿಕೆಯವರಿಗೆ, "ನಮ್ಮ ಸಿಬ್ಬಂದಿ ಸಮಯಪ್ರಜ್ಞೆಯಿಂದ ಲೋಪ ಸರಿಪಡಿಸಿದರು" ಅಂದ. ಅದೇ ಬಾಯಿ ಅರ್ಧ ಗಂಟೆ ಬಿಟ್ಟು ಆ ಸಿಬ್ಬಂದಿಗೆ, ಓಟ ನಡೆಯುವಾಗ ಟ್ರ್ಯಾಕಿಗೆ ಇಳಿದದ್ದಕ್ಕೆ ಕಾರಣ ಕೇಳುವ ನೋಟಿಸು ಹೇಳಿ ಬರೆಸಿತು.

"ಕ್ಷಮೆ ಕೇಳಿ ನಾಲ್ಕು ಸಾಲು ಬರೆದು ಬಿಸಾಕು, ಮುಗೀತದೆ" ಅಂದ ಗಂಡ.

"ಬರೀತೀನಿ ರೀ, ಒಂದೇ ಸಾಲು ಸಾಕು" ಅಂದು ಅವಳು ಬರೆದಳು: ತೊಲೆ ಮೂವತ್ತಾರು ಇಂಚು ಇತ್ತು, ಮೂವತ್ತು ಇರಬೇಕಿತ್ತು, ಇಳಿಸಿದೆ.

ಗಂಡ ಓದಿ, "ಇದರಲ್ಲಿ ಕ್ಷಮೆ ಎಲ್ಲಿದೆ?" ಅಂದ.

"ಅವರು ಕೇಳಲಿ, ಕೊಡೋಣ."

ಅವಳನ್ನು ಗುಂಡಿಯಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ಫೈನಲ್ ನಡೆದ ದಿನ ಅವಳು ಈಟಿಗಳನ್ನು ಒರೆಸಿ ಜೋಡಿಸುತ್ತಿದ್ದಳು. ಮಧ್ಯಾಹ್ನ ಬಾಗಿಲಲ್ಲಿ ಯಾರೋ ನಿಂತರು. ಅದೇ ಹುಡುಗಿ, ಮೂಳೆಗೆ ಪೆಟ್ಟು ಬಿದ್ದವಳು. ಕಾಲಿಗೆ ಬ್ಯಾಂಡೇಜು. ಫೈನಲ್‌ನಲ್ಲಿ ಎಂಟನೆಯವಳಾಗಿದ್ದಳು. ಇವಳ ಮಾತು ಅವಳಿಗೆ ಬಾರದು, ಅವಳ ಮಾತು ಇವಳಿಗೆ ಬಾರದು. ಹುಡುಗಿ ಹೆಬ್ಬೆರಳು, ತೋರುಬೆರಳು ಅಗಲಿಸಿ, ತೊಲೆ ಇಷ್ಟು ಹೆಚ್ಚು ಎತ್ತರವಿತ್ತು ಅಂತ ತೋರಿಸಿದಳು. ಇಂಚಕ್ಕ ಅವಳ ಬೆರಳುಗಳ ನಡುವೆ ಪಟ್ಟಿ ಹಿಡಿದು ನೋಡಿದಳು. ಐದಿಂಚೂ ಇರಲಿಲ್ಲ. ತಲೆಯಾಡಿಸಿ, ಬೆರಳನ್ನು ಇನ್ನಷ್ಟು ಎಳೆದು ಅಗಲಿಸಿ ಆರಿಂಚಿಗೆ ತಂದಳು. ಹುಡುಗಿ ನಗಲು ಶುರುಮಾಡಿದಳು. ಇಂಚಕ್ಕನೂ ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ. ಈಟಿಗಳ ನಡುವೆ ಒಂದು ಸ್ಟೂಲು ಎಳೆದು ಕೂರಿಸಿ, ತನ್ನ ಫ್ಲಾಸ್ಕಿನ ಚಹಾ ಬಗ್ಗಿಸಿ ಕೊಟ್ಟಳು.

ಉಗ್ರಾಣವಾಸ ಮೂರೇ ತಿಂಗಳು. ಅವಳಿಲ್ಲದೆ ಗುಂಡಿ ಸೋರತೊಡಗಿತು, ತುಕ್ಕು ಹಿಡಿದ ಪಿನ್ನು ಕೀಳುವುದು ಯಾರಿಗೂ ಬಾರದು. ಬಾಯ್ಮಾತಿನಲ್ಲಿ ವಾಪಸ್ ಕರೆದರು. ನೋಟಿಸು ಮಾತ್ರ ಕಡತದಲ್ಲಿ ಹಾಗೇ ಉಳಿಯಿತು. ಜೊತೆಗೆ ಹೊಸ ನಿಯಮವೊಂದು ಬಂತು: ಪ್ರತಿ ಓಟಕ್ಕೆ ಮುಂಚೆ ಅಧಿಕಾರಿಯೊಬ್ಬರು ಗುಂಡಿಯ ಬಳಿ ಖುದ್ದಾಗಿ ಬಂದು ಅಳೆದು ಸಹಿ ಹಾಕಬೇಕು.

ಈಗ ಅಧಿಕಾರಿ ಬರುತ್ತಾನೆ. ನೆರಳು ನೋಡಿಕೊಂಡು ನಿಂತು ಕೇಳುತ್ತಾನೆ, "ಎಷ್ಟಿದೆ ಇಂಚಕ್ಕಾ?"

"ಬಗ್ಗಿ ನೋಡಿ ಸಾರ್" ಅನ್ನುತ್ತಾಳೆ ಅವಳು, ಪಟ್ಟಿಯ ಇನ್ನೊಂದು ತುದಿಯನ್ನು ಅವನ ಕೈಗೆ ಕೊಟ್ಟು. ಅವನು ಗೊಣಗುತ್ತಾ ಬಗ್ಗುತ್ತಾನೆ.